ಭಾನುವಾರದ ಸಂಗೀತಗಾರ: ಪ್ರೊಫೆಸರ್ ಬೊರೊಡಿನ್



ಮನೆಯಲ್ಲಿ ಹಾಡುವ, ಬರೆಯುವ ಅಥವಾ ಚಿತ್ರ ಬಿಡಿಸುವ ಮಕ್ಕಳಿದ್ದರೆ ಹಿರಿಯರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದೇ ಆ ಪ್ರಶ್ನೆ. ಅದು ತಪ್ಪು ಪ್ರಶ್ನೆಯಲ್ಲ. ಸಂಸಾರ ನಡೆಸಲು ಉದ್ಯೋಗ ಬೇಕು, ಉದ್ಯೋಗಕ್ಕೆ ವಿದ್ಯೆ ಬೇಕು. ಆದರೆ ಉದ್ಯೋಗ ಸಿಕ್ಕ ಮೇಲೆ ಕಲೆಯನ್ನು ಕೈಬಿಡಲೇಬೇಕೆ? ಕೈಬಿಡದಿದ್ದರೆ ಅದಕ್ಕೆ ತೆರಬೇಕಾದ ಬೆಲೆ ಏನು? ಈ ಪ್ರಶ್ನೆಗೆ ತಮ್ಮ ಇಡೀ ಬದುಕಿನಿಂದಲೇ ಉತ್ತರ ಕೊಟ್ಟ ಒಬ್ಬ ಮಹನೀಯರ ಪರಿಚಯವನ್ನು ಇಲ್ಲಿ ಮಾಡಿಕೊಡುತ್ತಿದ್ದೇನೆ. ಅವರೇ ರಷ್ಯಾ ದೇಶದ ಅಲೆಕ್ಸಾಂಡರ್ ಬೊರೊಡಿನ್. ವೃತ್ತಿಯಲ್ಲಿ ಅವರು ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಜಗತ್ತು ಇಂದು ಅವರನ್ನು ನೆನೆಯುವುದು ಸಂಗೀತ ರಚನಕಾರರೆಂದು.

ಬೊರೊಡಿನ್ ಹುಟ್ಟಿದ್ದು 1833ರ ನವೆಂಬರ್ 12ರಂದು, ಆಗಿನ ರಷ್ಯಾದ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಜಾರ್ಜಿಯಾ ಮೂಲದ ವಯಸ್ಸಾದ ರಾಜವಂಶಸ್ಥರು, ತಾಯಿ ಅವ್ದೋತ್ಯಾ ಸಾಮಾನ್ಯ ಮನೆತನದ ತರುಣಿ. ಅವರಿಬ್ಬರಿಗೆ ಮದುವೆಯಾಗಿರಲಿಲ್ಲ. ಆದ್ದರಿಂದ ಮಗುವಿನ ಹೆಸರನ್ನು ಆ ಮನೆಯ ಜೀತದಾಳು ಪೊರ್ಫಿರಿ ಬೊರೊಡಿನ್ ಎಂಬವರ ಮಗನೆಂದು ದಾಖಲೆಯಲ್ಲಿ ಬರೆಸಲಾಯಿತು. ಅಂದಿನ ಕಾನೂನಿನ ಪ್ರಕಾರ ಈ ಮಗು ತನ್ನ ಸ್ವಂತ ತಂದೆಗೇ ಜೀತದಾಳು! ತಂದೆ ಸಾಯುವ ಮೊದಲು ಹುಡುಗನನ್ನು ಜೀತದಿಂದ ಬಿಡುಗಡೆ ಮಾಡಿದರು. ಲೋಕಾಪವಾದಕ್ಕೆ ಅಂಜಿ ತಾಯಿ ತನ್ನ ಮಗನಿಂದಲೇ ಚಿಕ್ಕಮ್ಮ ಎಂದು ಕರೆಸಿಕೊಳ್ಳುತ್ತಿದ್ದರು. ಆದರೆ ಮಗನ ವಿದ್ಯೆಯ ವಿಷಯದಲ್ಲಿ ಆಕೆ ಯಾವ ಕೊರತೆಯನ್ನೂ ಮಾಡಲಿಲ್ಲ. ಮನೆಗೇ ಶಿಕ್ಷಕರನ್ನು ಕರೆಸಿ ಜರ್ಮನ್, ಫ್ರೆಂಚ್ ಮುಂತಾದ ಭಾಷೆಗಳನ್ನು ಕಲಿಸಿದರು.

ಹುಡುಗನಿಗೆ ಎರಡು ಹುಚ್ಚುಗಳಿದ್ದವು. ಒಂದು ಸಂಗೀತ. ಸೈನ್ಯದ ಬ್ಯಾಂಡಿನವರು ನುಡಿಸುವುದನ್ನು ಕೇಳಿ ಬಂದು ಅದನ್ನೇ ಮನೆಯಲ್ಲಿ ಪಿಯಾನೊ ಮೇಲೆ ನುಡಿಸಲು ಯತ್ನಿಸುತ್ತಿದ್ದ. ಆ ಬ್ಯಾಂಡಿನ ಒಬ್ಬ ವಾದಕನಿಂದಲೇ ಕೊಳಲು ಕಲಿತ. ಒಂಬತ್ತರ ವಯಸ್ಸಿನಲ್ಲಿ ಒಂದು ನೃತ್ಯಸಂಗೀತವನ್ನೂ ರಚಿಸಿದ. ಇನ್ನೊಂದು ಹುಚ್ಚು ರಸಾಯನಶಾಸ್ತ್ರ. ಬಾಣಬಿರುಸುಗಳನ್ನು ತಯಾರಿಸುವುದರಿಂದ ಆರಂಭವಾದ ಈ ಆಟ ಬೆಳೆದು, ಮನೆಯ ಕೋಣೆಗಳೆಲ್ಲ ಗಾಜಿನ ಸೀಸೆಗಳಿಂದಲೂ ವಾಸನೆಯಿಂದಲೂ ತುಂಬಿಹೋದವು.

1850ರಲ್ಲಿ ಅವರು ಪೀಟರ್ಸ್‌ಬರ್ಗ್‌ನ ವೈದ್ಯಕೀಯ-ಶಸ್ತ್ರಚಿಕಿತ್ಸಾ ಅಕಾಡೆಮಿಯನ್ನು ಸೇರಿದರು. ಅಲ್ಲಿ ಅವರ ಗುರುಗಳು ನಿಕೊಲಾಯ್ ಜಿನಿನ್, ಆ ಕಾಲದ ರಷ್ಯಾದ ಹೆಸರಾಂತ ರಸಾಯನಶಾಸ್ತ್ರಜ್ಞರು. ತಮ್ಮ ನಂತರ ಈ ಶಿಷ್ಯನೇ ತಮ್ಮ ಪೀಠವನ್ನು ಅಲಂಕರಿಸಬೇಕೆಂಬುದು ಗುರುಗಳ ಆಸೆ. ಆದರೆ ಶಿಷ್ಯ ಸ್ನೇಹಿತರೊಡನೆ ಸಂಗೀತ ನುಡಿಸಲು ಮೈಲುಗಟ್ಟಲೆ ನಡೆದುಹೋಗುತ್ತಿದ್ದ. ಸಂಗೀತದ ಚಿಂತೆಯನ್ನು ಕಡಿಮೆ ಮಾಡು, ಎರಡು ದೋಣಿಗಳಲ್ಲಿ ಕಾಲಿಡಬೇಡ ಎಂಬ ಅರ್ಥದಲ್ಲಿ ಜಿನಿನ್ ಎಲ್ಲರ ಮುಂದೆಯೇ ಗದರಿಸಿದ್ದುಂಟು. ನಾವು ಶಿಕ್ಷಕರು ಇಂದಿಗೂ ಮಾಡುವುದು ಇದನ್ನೇ ಅಲ್ಲವೇ?

ವ್ಯಾಸಂಗ ಮುಗಿಸಿ ಬೊರೊಡಿನ್ ಸೈನಿಕ ಆಸ್ಪತ್ರೆಯಲ್ಲಿ ವೈದ್ಯರಾದರು. ಏಟು ತಿಂದ ಜೀತದಾಳುಗಳ ಬೆನ್ನಿನ ಗಾಯಗಳಿಗೆ ಚಿಕಿತ್ಸೆ ಮಾಡಬೇಕಾಗಿ ಬಂದಾಗ ಅವರು ಮೂರ್ಛೆ ಹೋದರೆಂದು ಹೇಳುತ್ತಾರೆ. ತಾವೂ ಒಂದು ಕಾಲಕ್ಕೆ ಜೀತದಾಳುವೆಂದೇ ದಾಖಲಾಗಿದ್ದವರು ಎಂಬುದನ್ನು ನೆನೆದರೆ ಇದು ನಮ್ಮ ಮನಸ್ಸನ್ನು ತಟ್ಟುತ್ತದೆ. 1858ರಲ್ಲಿ ಡಾಕ್ಟರ್ ಪದವಿ ಪಡೆದರು. ಮರುವರ್ಷ ಉನ್ನತ ಅಧ್ಯಯನಕ್ಕಾಗಿ ಸರ್ಕಾರದ ವತಿಯಿಂದ ಜರ್ಮನಿಯ ಹೈಡಲ್‌ಬರ್ಗ್‌ಗೆ ಹೋದರು. ಮೂಲವಸ್ತುಗಳ ಆವರ್ತ ಕೋಷ್ಟಕದಿಂದ ಮುಂದೆ ಪ್ರಸಿದ್ಧರಾದ ಮೆಂಡಲೀವ್ ಅಲ್ಲಿ ಅವರ ಸ್ನೇಹಿತರಾಗಿದ್ದರು. ಅಲ್ಲಿಯೇ 1861ರಲ್ಲಿ ಎಕತೆರೀನಾ ಎಂಬ ರಷ್ಯನ್ ಪಿಯಾನೊ ವಾದಕಿಯ ಪರಿಚಯವಾಯಿತು. ಆಕೆಗೆ ಶ್ವಾಸಕೋಶದ ಕಾಯಿಲೆ. ಬೆಚ್ಚಗಿನ ಹವೆಗಾಗಿ ಆಕೆ ಇಟಲಿಯ ಪೀಸಾ ನಗರಕ್ಕೆ ಹೋಗಬೇಕಾಯಿತು. ಬೊರೊಡಿನ್ ಸಹ ಜೊತೆಗೆ ಹೋಗಿ ಅಲ್ಲಿನ ಪ್ರಯೋಗಾಲಯದಲ್ಲಿ ಸಂಶೋಧನೆ ಮುಂದುವರಿಸಿದರು. 1863ರಲ್ಲಿ ಅವರಿಬ್ಬರ ವಿವಾಹವಾಯಿತು.

1862ರಲ್ಲಿ ಸ್ವದೇಶಕ್ಕೆ ಮರಳಿದ ಬೊರೊಡಿನ್ ತಾವು ಓದಿದ ಅಕಾಡೆಮಿಯಲ್ಲೇ ಅಧ್ಯಾಪಕರಾದರು. 1864ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು. ಮರಳಿ ಬಂದ ವರ್ಷವೇ ಬಾಲಕಿರೇವ್ ಎಂಬ ಸಂಗೀತಗಾರರ ಭೇಟಿಯಾಯಿತು. ಅವರ ಸುತ್ತ ಸೇರಿದ್ದ ಐವರ ಬಳಗ ರಷ್ಯಾದ ಸಂಗೀತಕ್ಕೆ ಹೊಸ ದಾರಿ ತೋರಿಸಿತು. ಓದುಗರೇ, ಈ ಐವರ ಉದ್ಯೋಗಗಳನ್ನು ಸ್ವಲ್ಪ ಗಮನಿಸಿ. ಸೆಸಾರ್ ಕ್ಯುಯಿ ಸೈನ್ಯದ ಇಂಜಿನಿಯರ್. ಕೋಟೆ ಕಟ್ಟುವ ವಿದ್ಯೆಯನ್ನು ಕಲಿಸುತ್ತಿದ್ದವರು. ರಿಮ್ಸ್ಕಿ-ಕೊರ್ಸಕೋವ್ ನೌಕಾಪಡೆಯ ಅಧಿಕಾರಿ. ಮುಸೋರ್ಗ್‌ಸ್ಕಿ ಸೈನ್ಯವನ್ನು ಬಿಟ್ಟು ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾದವರು. ಸಂಗೀತವನ್ನೇ ನಂಬಿದ್ದ ಬಾಲಕಿರೇವ್ ಕೂಡ ಕಷ್ಟಕಾಲ ಬಂದಾಗ, 1872ರಲ್ಲಿ, ರೈಲ್ವೆ ಕಚೇರಿಯಲ್ಲಿ ಕೆಲಸಕ್ಕೆ ಸೇರಬೇಕಾಯಿತು. ಇವರಲ್ಲಿ ರಿಮ್ಸ್ಕಿ-ಕೊರ್ಸಕೋವ್ 1871ರಲ್ಲಿ ಸಂಗೀತ ಕಾಲೇಜಿನ ಪ್ರಾಧ್ಯಾಪಕರಾದರು. ಮುಸೋರ್ಗ್‌ಸ್ಕಿ 1880ರಲ್ಲಿ ಕೆಲಸವನ್ನು ಕಳೆದುಕೊಂಡು, ಕುಡಿತಕ್ಕೆ ಬಲಿಯಾಗಿ, ಮರುವರ್ಷವೇ ತೀರಿಕೊಂಡರು. ಬೊರೊಡಿನ್ ಮಾತ್ರ ಕೊನೆಯವರೆಗೂ ತಮ್ಮ ಪ್ರಯೋಗಾಲಯವನ್ನು ಬಿಡಲಿಲ್ಲ.

ಅವರ ವಿಜ್ಞಾನವೂ ಹೆಸರಿಗೆ ಮಾತ್ರದ ವಿಜ್ಞಾನವಲ್ಲ. ದ್ವಿತೀಯ ಪಿಯುಸಿ ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಆಲ್ಡಾಲ್ ಕ್ರಿಯೆಯ ಪರಿಚಯವಿರುತ್ತದೆ. ಆಲ್ಡಿಹೈಡಿನ ಎರಡು ಅಣುಗಳು ಕೂಡಿ ಒಂದು ದೊಡ್ಡ ಅಣುವಾಗುವ ಕ್ರಿಯೆ ಅದು. 1872ರಲ್ಲಿ ಇದನ್ನು ಕಂಡುಹಿಡಿದವರು ಇಬ್ಬರು: ಪ್ಯಾರಿಸ್‌ನಲ್ಲಿ ವುರ್ಟ್ಸ್, ಪೀಟರ್ಸ್‌ಬರ್ಗ್‌ನಲ್ಲಿ ಬೊರೊಡಿನ್. ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆ ಸಮೀಕರಣದ ಹಿಂದೆ ಒಬ್ಬ ಸಂಗೀತಗಾರನ ಕೈಯಿದೆ! ಮೂತ್ರದಲ್ಲಿರುವ ಯೂರಿಯಾದ ಪ್ರಮಾಣವನ್ನು ಅಳೆಯುವ ಒಂದು ವಿಧಾನವನ್ನೂ ಅವರು ವೈದ್ಯರಿಗೆ ಒದಗಿಸಿಕೊಟ್ಟರು. 1874ರಲ್ಲಿ ಜಿನಿನ್ ನಿವೃತ್ತರಾದಾಗ ಗುರುಗಳ ಆಸೆಯಂತೆಯೇ ಪ್ರಯೋಗಾಲಯದ ಹೊಣೆ ಶಿಷ್ಯನ ಹೆಗಲೇರಿತು.

ಹಾಗಾದರೆ ಸಂಗೀತಕ್ಕೆ ಸಮಯ ಎಲ್ಲಿತ್ತು? ಇಲ್ಲವೇ ಇಲ್ಲ ಎನ್ನಬೇಕು. ಅವರ ಮನೆ ಅಕಾಡೆಮಿಯ ಕಟ್ಟಡದಲ್ಲೇ ಇತ್ತು. ಪಿಯಾನೊ ಮುಂದೆ ಕುಳಿತವರು ಥಟ್ಟನೆ ಎದ್ದು, ಒಲೆಯ ಮೇಲಿಟ್ಟ ದ್ರಾವಣ ಏನಾಯಿತೋ ಎಂದು ಪ್ರಯೋಗಾಲಯಕ್ಕೆ ಓಡುತ್ತಿದ್ದರು. ಮನೆ ತುಂಬ ಬಂಧುಗಳು, ಸಾಕು ಮಕ್ಕಳು, ಸಹಾಯ ಬೇಡಿ ಬಂದವರು, ಊಟದ ಮೇಜಿನ ಮೇಲೆಯೇ ಓಡಾಡುವ ಬೆಕ್ಕುಗಳು. ಯಾರೋ ಒಬ್ಬರು ಮಲಗಿದ್ದಾರೆಂಬ ಕಾರಣಕ್ಕೆ ಪಿಯಾನೊ ಮುಟ್ಟದೆ ಸುಮ್ಮನಿರುತ್ತಿದ್ದರು. ಬೇಸಿಗೆ ರಜೆಯಲ್ಲಿ, ಇಲ್ಲವೇ ನೆಗಡಿ ಜ್ವರ ಬಂದು ಪಾಠಕ್ಕೆ ಹೋಗಲಾಗದ ದಿನಗಳಲ್ಲಿ ಮಾತ್ರ ಸಂಗೀತ ಬರೆಯಲು ಬಿಡುವು. ಆದ್ದರಿಂದ ಸಂಗೀತದ ಗೆಳೆಯರು ಅವರಿಗೆ ಆರೋಗ್ಯವನ್ನಲ್ಲ, ಅನಾರೋಗ್ಯವನ್ನು ಹಾರೈಸುತ್ತಿದ್ದರಂತೆ! ತಮ್ಮನ್ನು ತಾವು ಅವರು ಭಾನುವಾರದ ಸಂಗೀತಗಾರನೆಂದೇ ಕರೆದುಕೊಳ್ಳುತ್ತಿದ್ದರು.

ಇದರ ಫಲವಾಗಿ ಅವರ ಮೊದಲ ಸಿಂಫನಿ ಮುಗಿಯಲು ಐದು ವರ್ಷ ಬೇಕಾಯಿತು. ಎರಡನೆಯದಕ್ಕೆ ಸುಮಾರು ಏಳು ವರ್ಷ. 1877ರಲ್ಲಿ ಅದು ವೇದಿಕೆಗೆ ಬರುವ ಹೊತ್ತಿಗೆ ಕೆಲವು ಭಾಗಗಳ ಹಾಳೆಗಳೇ ಕಳೆದುಹೋಗಿದ್ದವು. ಜ್ವರದಿಂದ ಮಲಗಿದ್ದ ಬೊರೊಡಿನ್ ಹಾಸಿಗೆಯಲ್ಲೇ ಪೆನ್ಸಿಲ್ ಹಿಡಿದು ಅವನ್ನು ಮತ್ತೆ ಬರೆದರು. ಇನ್ನೊಮ್ಮೆ ಸಂಗೀತ ಕಚೇರಿಯ ದಿನ ಹತ್ತಿರ ಬಂದರೂ ಹಾಳೆಗಳು ಸಿದ್ಧವಿರಲಿಲ್ಲ. ರಿಮ್ಸ್ಕಿ-ಕೊರ್ಸಕೋವ್ ಮತ್ತು ಲ್ಯಾದೋವ್ ರಾತ್ರಿಯೆಲ್ಲ ಜೊತೆಗೆ ಕುಳಿತು ಬರೆದುಕೊಟ್ಟರು. ಪೆನ್ಸಿಲ್ ಅಕ್ಷರ ಅಳಿಸದಿರಲೆಂದು ಪ್ರೊಫೆಸರರು ಹಾಳೆಗಳಿಗೆ ಅಂಟಿನ ದ್ರಾವಣ ಬಳಿದು, ಒಗೆದ ಬಟ್ಟೆಗಳಂತೆ ಹಗ್ಗದ ಮೇಲೆ ಒಣಹಾಕಿದರು. ರಸಾಯನಶಾಸ್ತ್ರವೂ ಸಂಗೀತವೂ ಒಂದೇ ಹಗ್ಗದಲ್ಲಿ ತೂಗಾಡಿದ ರಾತ್ರಿ ಅದು.

ಇಷ್ಟು ಸಾಲದೆಂಬಂತೆ ಅವರು ಇನ್ನೊಂದು ದೊಡ್ಡ ಹೊರೆಯನ್ನು ತಾವಾಗಿಯೇ ಹೊತ್ತುಕೊಂಡರು. ಅದೇ ಹೆಣ್ಣುಮಕ್ಕಳ ವೈದ್ಯಕೀಯ ಶಿಕ್ಷಣ. ಆಗ ರಷ್ಯಾದಲ್ಲಿ ವೈದ್ಯೆಯಾಗಬೇಕೆನ್ನುವ ಹುಡುಗಿ ವಿದೇಶಕ್ಕೆ ಹೋಗಬೇಕಿತ್ತು. 1872ರಲ್ಲಿ ಬೊರೊಡಿನ್ ಮತ್ತು ಸಮಾನಮನಸ್ಕರ ಪ್ರಯತ್ನದಿಂದ ಅಕಾಡೆಮಿಯಲ್ಲಿ ಮಹಿಳೆಯರಿಗಾಗಿ ವೈದ್ಯಕೀಯ ತರಗತಿಗಳು ಆರಂಭವಾದವು. ಸಂಪ್ರದಾಯಸ್ಥರ ವಿರೋಧವನ್ನು ತಗ್ಗಿಸಲು ಮೊದಲಿಗೆ ಅದನ್ನು ಸುಶಿಕ್ಷಿತ ಸೂಲಗಿತ್ತಿಯರ ತರಬೇತಿ ಎಂದು ಹೆಸರಿಸಲಾಗಿತ್ತು. ಬೊರೊಡಿನ್ ಅಲ್ಲಿ ರಸಾಯನಶಾಸ್ತ್ರ ಬೋಧಿಸಿದರು. ಬಡ ವಿದ್ಯಾರ್ಥಿನಿಯರಿಗಾಗಿ ಹಣ ಕೂಡಿಸಿದರು, ಕಚೇರಿಯಿಂದ ಕಚೇರಿಗೆ ಅಲೆದರು. 1877-78ರ ರಷ್ಯಾ-ತುರ್ಕಿ ಯುದ್ಧದಲ್ಲಿ ಈ ವಿದ್ಯಾರ್ಥಿನಿಯರು ಯುದ್ಧಭೂಮಿಯ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿ ತಮ್ಮ ಯೋಗ್ಯತೆಯನ್ನು ಸಾಬೀತುಪಡಿಸಿದರು. ಆದರೂ 1882ರಲ್ಲಿ ಸರ್ಕಾರ ಹೊಸ ಪ್ರವೇಶವನ್ನು ನಿಲ್ಲಿಸಿತು. ತಾವು ಕಟ್ಟಿದ ಸಂಸ್ಥೆ ಕಣ್ಣೆದುರೇ ಮುಚ್ಚುತ್ತಾ ಹೋದದ್ದು ಅವರಿಗೆ ಆಳವಾದ ನೋವು ತಂದಿತು.

ಈ ನಡುವೆಯೂ ಅವರ ಲೇಖನಿಯಿಂದ ಅಪೂರ್ವ ಕೃತಿಗಳು ಹೊರಬಂದವು. 1880ರಲ್ಲಿ ಬರೆದ ಮಧ್ಯ ಏಷ್ಯಾದ ಬಯಲುಗಳ ಕುರಿತ ರಚನೆಯಲ್ಲಿ ಒಂಟೆ ಕುದುರೆಗಳ ಕಾರವಾನ್ ದೂರದಿಂದ ಬಂದು ದೂರಕ್ಕೆ ಸಾಗಿಹೋಗುತ್ತದೆ. ಒಂದು ರಷ್ಯನ್ ರಾಗ, ಒಂದು ಪೂರ್ವ ದೇಶದ ರಾಗ ಬೇರೆಬೇರೆಯಾಗಿ ಕೇಳಿಸಿ, ಕೊನೆಗೆ ಎರಡೂ ಜಗಳವಿಲ್ಲದೆ ಒಟ್ಟಾಗಿ ಹರಿಯುತ್ತವೆ. 1881ರಲ್ಲಿ ತಮ್ಮ ಎರಡನೆಯ ತಂತಿವಾದ್ಯ ಚತುಷ್ಟಯವನ್ನು ಪತ್ನಿಗೆ ಅರ್ಪಿಸಿದರು. ಅವರಿಬ್ಬರು ಭೇಟಿಯಾಗಿ ಆಗ ಇಪ್ಪತ್ತು ವರ್ಷಗಳಾಗಿದ್ದವು.

ಎಲ್ಲಕ್ಕಿಂತ ದೊಡ್ಡ ಕನಸು ಪ್ರಿನ್ಸ್ ಇಗೋರ್ ಎಂಬ ಒಪೆರಾ, ಅಂದರೆ ಸಂಗೀತ ನಾಟಕ. 1185ರಲ್ಲಿ ಯುದ್ಧಕ್ಕೆ ಹೋಗಿ ಸೆರೆಸಿಕ್ಕ ರಷ್ಯನ್ ಅರಸನೊಬ್ಬನ ಕಥೆ ಅದು. ಅದರಲ್ಲಿ ಶತ್ರು ನಾಯಕನಾದ ಕೊಂಚಕ್ ಖಾನ್ ಕ್ರೂರಿಯಲ್ಲ. ಸೆರೆಯಾಳನ್ನು ಅತಿಥಿಯಂತೆ ಸತ್ಕರಿಸುವ ಉದಾರಿ. 1869ರಲ್ಲಿ ಆರಂಭಿಸಿದ ಈ ಕೃತಿ ಹದಿನೇಳು ವರ್ಷ ಕಳೆದರೂ ಮುಗಿದಿರಲಿಲ್ಲ. 1887ರ ಫೆಬ್ರವರಿ 27ರಂದು ಅಕಾಡೆಮಿಯ ಹಬ್ಬದ ಕೂಟದಲ್ಲಿ ರಷ್ಯನ್ ಪೋಷಾಕು ತೊಟ್ಟು ಎಲ್ಲರೊಡನೆ ನಗುತ್ತಿದ್ದ ಬೊರೊಡಿನ್ ಇದ್ದಕ್ಕಿದ್ದಂತೆ ಕುಸಿದು ಬಿದ್ದರು. ಸುತ್ತಲೂ ವೈದ್ಯರೇ ಇದ್ದರೂ ಉಳಿಸಿಕೊಳ್ಳಲಾಗಲಿಲ್ಲ. ಹೃದಯ ನಿಂತುಹೋಗಿತ್ತು. ಅವರಿಗೆ 53 ವರ್ಷ. ಕೆಲವೇ ತಿಂಗಳಲ್ಲಿ ಪತ್ನಿಯೂ ತೀರಿಕೊಂಡರು.

ಗೆಳೆಯರು ಅವರ ಕೈಬಿಡಲಿಲ್ಲ. ಬೊರೊಡಿನ್ ಪಿಯಾನೊ ಮೇಲೆ ನುಡಿಸಿದ್ದನ್ನು ಕೇಳಿದ್ದ ತರುಣ ಗ್ಲಾಜುನೋವ್ ಒಪೆರಾದ ಪ್ರಾರಂಭ ಸಂಗೀತವನ್ನು ನೆನಪಿನಿಂದಲೇ ಬರೆದರು. ಉಳಿದ ಕೊರತೆಗಳನ್ನು ಅವರೂ ರಿಮ್ಸ್ಕಿ-ಕೊರ್ಸಕೋವ್ ಅವರೂ ಸೇರಿ ತುಂಬಿದರು. 1890ರಲ್ಲಿ ಪೀಟರ್ಸ್‌ಬರ್ಗ್‌ನ ಮಾರಿಯಿನ್ಸ್ಕಿ ರಂಗಮಂದಿರದಲ್ಲಿ ಪ್ರಿನ್ಸ್ ಇಗೋರ್ ಪ್ರದರ್ಶನಗೊಂಡಿತು. 1953ರಲ್ಲಿ ಅಮೆರಿಕದಲ್ಲಿ ಅವರ ರಾಗಗಳನ್ನೇ ಬಳಸಿ ಬಾಗ್ದಾದಿನ ಕಥೆಯುಳ್ಳ ಒಂದು ಸಂಗೀತ ನಾಟಕ ಬಂತು. ಅದರ ಹೆಸರು ನಮಗೆಲ್ಲ ಪರಿಚಿತವಾದ ಪದವೇ: ಕಿಸ್ಮತ್. ಮರುವರ್ಷ ಅದಕ್ಕೆ ಅಮೆರಿಕದ ಪ್ರತಿಷ್ಠಿತ ಟೋನಿ ಪ್ರಶಸ್ತಿ ಬಂದಾಗ, ತೀರಿಕೊಂಡು 67 ವರ್ಷಗಳಾಗಿದ್ದ ಬೊರೊಡಿನ್ ಅವರೂ ಅದರ ಗೌರವಕ್ಕೆ ಪಾತ್ರರಾದರು.

ಓದುಗರೇ, ಬೊರೊಡಿನ್ ಎರಡನ್ನೂ ಸರಿದೂಗಿಸಿದರು ಎಂದು ಹೇಳಿ ಈ ಲೇಖನವನ್ನು ಮುಗಿಸುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಮುಗಿಯದ ಒಪೆರಾ, ಮುಗಿಯದ ಮೂರನೆಯ ಸಿಂಫನಿ ನಮ್ಮ ಮುಂದಿವೆ. ಸಂಗೀತವನ್ನೇ ನಂಬಿದ್ದರೆ ಇನ್ನೆಷ್ಟು ಬರೆಯುತ್ತಿದ್ದರೋ ಎಂದು ಸಂಗೀತಪ್ರಿಯರು ಕೊರಗುತ್ತಾರೆ. ಆದರೆ ಆ ಕೊರಗಿನ ಇನ್ನೊಂದು ಬದಿಯನ್ನೂ ನೋಡಬೇಕು. ಅವರು ಬರೆಯದೆ ಉಳಿದ ಆ ಗಂಟೆಗಳು ವ್ಯರ್ಥವಾಗಿ ಹೋಗಲಿಲ್ಲ. ಅವು ವೈದ್ಯೆಯಾಗಬೇಕೆಂದು ಬಂದ ಹುಡುಗಿಯರ ಪಾಠಕ್ಕೆ, ಅವರ ಶುಲ್ಕಕ್ಕೆ, ಅವರ ಪರವಾಗಿ ಬರೆದ ಅರ್ಜಿಗಳಿಗೆ ಹೋದವು. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 1897ರಲ್ಲಿ, ಪೀಟರ್ಸ್‌ಬರ್ಗ್‌ನಲ್ಲಿ ಮಹಿಳೆಯರಿಗಾಗಿಯೇ ವೈದ್ಯಕೀಯ ಸಂಸ್ಥೆ ಮತ್ತೆ ಬಾಗಿಲು ತೆರೆಯಿತು.

ವಿದ್ಯಾರ್ಥಿ ಮಿತ್ರರೇ, ಓದನ್ನು ಬಿಟ್ಟು ಕಲೆಯ ಹಿಂದೆ ಹೋಗಿ ಎಂದು ನಾನು ಹೇಳುತ್ತಿಲ್ಲ. ನೌಕರಿ ಸಿಕ್ಕ ದಿನ ಕಲೆಯನ್ನು ಅಟ್ಟದ ಮೇಲೆ ಕಟ್ಟಿಡಿ ಎಂದೂ ಹೇಳಲಾರೆ. ನಿಮ್ಮ ದಿನದಲ್ಲಿ ಇಪ್ಪತ್ತನಾಲ್ಕೇ ಗಂಟೆಗಳಿರುತ್ತವೆ, ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದರಿಂದ ತೆಗೆಯಲೇಬೇಕು. ಯಾವುದಕ್ಕಾಗಿ ತೆಗೆಯುತ್ತಿದ್ದೇನೆ ಎಂಬುದನ್ನು ತಿಳಿದು ತೆಗೆಯಿರಿ. ಉಳಿದ ಒಂದು ಗಂಟೆಯನ್ನು ಚಿಕ್ಕದೆಂದು ಬಿಸಾಡಬೇಡಿ. ನೆಗಡಿಯಾಗಿ ಮನೆಯಲ್ಲಿ ಮಲಗಿದ್ದ ಒಬ್ಬ ಪ್ರೊಫೆಸರರು ಅಂಥ ಗಂಟೆಗಳಲ್ಲಿ ಬರೆದದ್ದನ್ನೇ ಲೋಕ ಇಂದಿಗೂ ಕೇಳುತ್ತಿದೆ.