ಮನೆಮಂದಿಯ ಮನಸ್ಸನ್ನು ಓದಿದ ತ್ರಿವೇಣಿ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಮಹಿಳೆಯರು ಮತ್ತು ಮಕ್ಕಳ ಚಿಕಿತ್ಸೆಗೆಂದು ಅದು ಆರಂಭವಾದದ್ದು 1906ರಲ್ಲಿ. ಸ್ವಾತಂತ್ರ್ಯ ಬರುವ ವೇಳೆಗೆ ಹೆರಿಗೆಗೋ ಮಗುವಿನ ಜ್ವರಕ್ಕೋ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಮೈಸೂರಿನ ಮಧ್ಯಮವರ್ಗಕ್ಕೆ ಸಂಕೋಚದ ವಿಷಯವಾಗಿ ಉಳಿದಿರಲಿಲ್ಲ. ಆದರೆ ಅದೇ ಬಾಣಂತಿಯ ಮನಸ್ಸಿನ ಸ್ವಾಸ್ಥ್ಯ ಕೆಟ್ಟರೆ ಏನು ಮಾಡಬೇಕೆಂಬುದು ಹೆಚ್ಚಿನ ಮನೆಗಳಿಗೆ ತಿಳಿದಿರಲಿಲ್ಲ. ಗಾಳಿ ಸೋಕಿದೆಯೆಂದು ಮಂತ್ರ ಹಾಕಿಸುವುದು, ಕೋಣೆಯೊಳಗೆ ಕೂಡಿಹಾಕುವುದು, ತವರಿಗೆ ಕಳುಹಿಸಿ ಕೈತೊಳೆದುಕೊಳ್ಳುವುದು, ಇವೇ ರೂಢಿಯಲ್ಲಿದ್ದ ಉಪಾಯಗಳು. ಈ ಮುಚ್ಚುಮರೆಯನ್ನು ಕನ್ನಡದ ಓದುಗರ ಮುಂದೆ ಬಯಲಿಗೆ ತಂದ ಕೀರ್ತಿಯಲ್ಲಿ ದೊಡ್ಡ ಪಾಲು ಕಾದಂಬರಿಗಾರ್ತಿ ತ್ರಿವೇಣಿಯವರಿಗೆ ಸಲ್ಲಬೇಕು.

ತ್ರಿವೇಣಿ ಎಂಬುದು ಕಾವ್ಯನಾಮ. ಅವರ ಹೆಸರು ಅನಸೂಯ ಶಂಕರ್. 1928ರ ಸೆಪ್ಟೆಂಬರ್ 1ರಂದು ಮಂಡ್ಯದಲ್ಲಿ ಜನಿಸಿದ ಅವರದು ಅಕ್ಷರದ ಮನೆತನ. ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದ ಬಿ.ಎಂ.ಶ್ರೀ. ಅವರ ಸೋದರನ ಮಗಳು. ಮುಂದೆ ಲೇಖಕಿಯಾಗಿ ಹೆಸರಾದ ಆರ್ಯಾಂಬ ಪಟ್ಟಾಭಿ ಅವರ ತಂಗಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ, ಚಿನ್ನದ ಪದಕದೊಂದಿಗೆ ಬಿ.ಎ. ಪದವಿ ಪಡೆದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ವಿವಾಹವಾದರು.

ಅವರು ಆರಿಸಿಕೊಂಡ ವಿಷಯಕ್ಕೆ ಮೈಸೂರಿನಲ್ಲಿ ಆಗಲೇ ಒಂದು ಪರಂಪರೆಯಿತ್ತು. ಬ್ರಜೇಂದ್ರನಾಥ ಸೀಲ್ ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1924ರಲ್ಲಿ, ಇಲ್ಲಿ ಮನಶ್ಶಾಸ್ತ್ರ ವಿಭಾಗ ಸ್ಥಾಪನೆಯಾಯಿತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರಲ್ಲಿ ತರಬೇತಿ ಪಡೆದು ಬಂದಿದ್ದ ಎಂ.ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿ ಬೆಳೆಸಿದರು. 1935ರಲ್ಲಿ ಸ್ವಂತ ಮನೆಯಿಂದಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದ ಮಹನೀಯರೂ ಇವರೇ. ಭಾರತದಲ್ಲಿ ಮನಶ್ಶಾಸ್ತ್ರವನ್ನು ಪ್ರತ್ಯೇಕ ಶಿಸ್ತಾಗಿ ಬೋಧಿಸಿದ ಮೊದಲ ಕೆಲವೇ ವಿಶ್ವವಿದ್ಯಾನಿಲಯಗಳಲ್ಲಿ ಮೈಸೂರೂ ಒಂದಾಗಿತ್ತು. ಆದರೆ ಪಾಠದ ಕೊಠಡಿಯಲ್ಲಿ ಬೋಧಿಸಲಾಗುತ್ತಿದ್ದ ಈ ವಿದ್ಯೆ ಅಗ್ರಹಾರದ ಮನೆಗಳ ಹಜಾರವನ್ನು ಮುಟ್ಟಿರಲಿಲ್ಲ. ಮಕ್ಕಳ ಹಟಕ್ಕೆ, ದಂಪತಿಗಳ ವಿರಸಕ್ಕೆ, ಅತ್ತೆ ಸೊಸೆಯರ ಮನಸ್ತಾಪಕ್ಕೆ ತಜ್ಞರ ಸಲಹೆ ಪಡೆಯಬಹುದೆಂಬ ಕಲ್ಪನೆಯೇ ಇಲ್ಲದ ಕಾಲವದು. ತ್ರಿವೇಣಿ ಆಪ್ತಸಮಾಲೋಚಕರಾಗಲಿಲ್ಲ, ಅಂತಹ ಒಂದು ವೃತ್ತಿ ಆಗ ಇಲ್ಲಿ ಇರಲೂ ಇಲ್ಲ. ತಾವು ಕಲಿತದ್ದನ್ನು ಕಥೆಯ ಮೂಲಕ ಮನೆಮನೆಗೆ ಮುಟ್ಟಿಸುವ ಮಾರ್ಗವನ್ನು ಅವರು ಹಿಡಿದರು.

ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. ಅನಂತರದ ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನೂ ಹಲವು ಸಣ್ಣಕಥೆಗಳನ್ನೂ ಬರೆದರು. ‘ಬೆಕ್ಕಿನ ಕಣ್ಣು’ ಕಾದಂಬರಿ ಮಲತಾಯಿಯ ನೆರಳಿನಲ್ಲಿ ನಲುಗಿದ ಎಳೆಯ ಮನಸ್ಸನ್ನು ಶೋಧಿಸಿತು. ‘ಬೆಳ್ಳಿಮೋಡ’ದಲ್ಲಿ ಮಾವನ ಆಸ್ತಿಗೆ ತಮ್ಮನೊಬ್ಬ ಹುಟ್ಟಿಬಂದೊಡನೆ ನಿಶ್ಚಿತ ವರನ ಪ್ರೀತಿ ಬತ್ತಿಹೋಗುತ್ತದೆ, ಕೊನೆಗೆ ಆತ ಮನಸ್ಸು ಬದಲಿಸಿ ಬಂದಾಗ ಇಂದಿರಾ ಅವನನ್ನು ನಿರಾಕರಿಸುತ್ತಾಳೆ. ‘ಹಣ್ಣೆಲೆ ಚಿಗುರಿದಾಗ’ ವಿಧವಾ ವಿವಾಹದ ಪ್ರಶ್ನೆಯನ್ನು ಎತ್ತಿಕೊಂಡಿತು. ಒಂದು ಕಥಾಸಂಕಲನದ ಹೆಸರೇ ‘ಸಮಸ್ಯೆಯ ಮಗು’. ಮಗು, ದಂಪತಿ, ಕುಟುಂಬ, ಹೀಗೆ ಇಂದಿನ ಸಮಾಲೋಚಕರ ಮುಂದೆ ಬರುವ ಬಹುಪಾಲು ಪ್ರಕರಣಗಳ ಮಾದರಿಗಳು ಈ ಪುಸ್ತಕಗಳಲ್ಲಿ ಸಿಗುತ್ತವೆ. ಅವರ ಪಾತ್ರಗಳಲ್ಲಿ ಅಪ್ಪಟ ದುಷ್ಟರು ವಿರಳ. ಒಬ್ಬೊಬ್ಬರ ವರ್ತನೆಗೂ ಕಾರಣವಿದೆ ಎಂಬ ಮನಶ್ಶಾಸ್ತ್ರದ ಮೊದಲ ಪಾಠವನ್ನು ಅವರು ಎಲ್ಲಿಯೂ ಉಪದೇಶವಾಗಿ ಹೇಳದೆ ನಿರೂಪಣೆಯಲ್ಲೇ ಬೆರೆಸಿದರು.

ಈ ಸಾಧನೆಯ ಶಿಖರ ‘ಶರಪಂಜರ’. ಸುಶಿಕ್ಷಿತೆಯೂ ಪ್ರೀತಿಯ ಗೃಹಿಣಿಯೂ ಆದ ಕಾವೇರಿ ಹೆರಿಗೆಯ ನಂತರ ಮನೋರೋಗಕ್ಕೆ ಒಳಗಾಗುತ್ತಾಳೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಹಿಂತಿರುಗುತ್ತಾಳೆ. ಕಾದಂಬರಿಯ ನಿಜವಾದ ದುರಂತ ಆರಂಭವಾಗುವುದು ಅಲ್ಲಿಂದ. ಅವಳು ನಕ್ಕರೆ ಅನುಮಾನ, ಅತ್ತರೆ ಅನುಮಾನ. ನೆಂಟರಿಗೂ ನೆರೆಯವರಿಗೂ ಅವಳು ಹುಚ್ಚಾಸ್ಪತ್ರೆಯಿಂದ ಬಂದವಳು. ಗಂಡನ ಒಲವು ಬೇರೆಡೆಗೆ ಹರಿದಿದೆ. ವೈದ್ಯರು ಗುಣಪಡಿಸಿದ ಮನಸ್ಸನ್ನು ಮನೆಯವರು ಮತ್ತೆ ಒಡೆಯುತ್ತಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ತೆರೆಗೆ ತಂದಾಗ, ಕಲ್ಪನಾ ಅವರ ಅಭಿನಯದ ಮೂಲಕ ಪುಸ್ತಕ ಓದದವರಿಗೂ ಕಾವೇರಿಯ ಸಂಕಟ ಅರ್ಥವಾಯಿತು.

ಕಾವೇರಿಯ ಕಾಯಿಲೆ ಲೇಖಕಿಯ ಕಲ್ಪನೆಯಲ್ಲ. ಬಾಣಂತಿಯರನ್ನು ಬಾಧಿಸುವ ಈ ತೀವ್ರ ಮನೋವಿಕಲತೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆಂದು ವೈದ್ಯಶಾಸ್ತ್ರ ಅಂದಾಜು ಮಾಡಿದೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಅದರ ಲಕ್ಷಣಗಳು ತೋರುತ್ತವೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುತೇಕರು ಗುಣಮುಖರಾಗುತ್ತಾರೆ. ಮುಂದಿನ ಹೆರಿಗೆಯ ಹೊತ್ತಿನಲ್ಲಿ ಎಚ್ಚರ ಅಗತ್ಯ. ಕಾವೇರಿ ಮತ್ತೆ ಆಸ್ಪತ್ರೆಗೆ ಸೇರುವ ಅಂತ್ಯವನ್ನು ನೋಡಿ, ಈ ಕಾಯಿಲೆ ವಾಸಿಯಾಗುವುದೇ ಇಲ್ಲವೆಂದು ತಿಳಿದವರೂ ಇರಬಹುದು. ಕೃತಿಯನ್ನು ಗಮನವಿಟ್ಟು ಓದಿದರೆ ಅಲ್ಲಿ ಸೋತದ್ದು ಔಷಧವಲ್ಲ, ಕುಟುಂಬ ಎಂಬುದು ಸ್ಪಷ್ಟವಾಗುತ್ತದೆ.

ತ್ರಿವೇಣಿ ಬರೆಯುತ್ತಿದ್ದ ಕಾಲದಲ್ಲಿ ಕಾನೂನು ಕೂಡ ಮನೋರೋಗಿಯನ್ನು ಕಾಣುತ್ತಿದ್ದ ದೃಷ್ಟಿ ಬೇರೆಯಾಗಿತ್ತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ, ಮೂರು ವರ್ಷಗಳಿಗೆ ಕಡಿಮೆಯಿಲ್ಲದ ಅವಧಿಯ, ವಾಸಿಯಾಗದ ಮನೋವೈಕಲ್ಯ ವಿಚ್ಛೇದನಕ್ಕೆ ಆಧಾರವಾಗಿತ್ತು. 1976ರ ತಿದ್ದುಪಡಿಯಲ್ಲಿ ಆ ಕಾಲಮಿತಿಯೂ ಹೋಯಿತು. ಇತ್ತ ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ಕುಟುಂಬವನ್ನೇ ಒಟ್ಟಾಗಿ ಕೂರಿಸಿ ಸಮಾಲೋಚಿಸುವ ಪದ್ಧತಿ ಬೆಳೆಯಿತು. 2009ರಲ್ಲಿ ಬಾಣಂತಿಯನ್ನು ಮಗುವಿನೊಡನೆ ದಾಖಲಿಸಿಕೊಳ್ಳುವ ಪ್ರತ್ಯೇಕ ತಾಯಿ-ಮಗು ಘಟಕವೂ ಪ್ರಾರಂಭವಾಯಿತು. ಕಾವೇರಿಯಂಥವರಿಗೆ ಬೇಕಾಗಿದ್ದುದು ಇಂತಹದೇ ಆಸರೆ.

ಆ ಆಸರೆಯನ್ನು ಕಾಣಲು ತ್ರಿವೇಣಿಯವರು ಬದುಕಿರಲಿಲ್ಲ. 1963ರ ಜುಲೈ 29ರಂದು, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮೂವತ್ತೈದು ತುಂಬಿರಲಿಲ್ಲ. ಬಾಣಂತಿಯ ಸಂಕಟವನ್ನು ಕನ್ನಡಕ್ಕೆ ತಿಳಿಯಹೇಳಿದ ಲೇಖಕಿ ಬಾಣಂತಿಯಾಗಿಯೇ ಕಣ್ಮುಚ್ಚಿದ್ದು ವಿಧಿಯ ಕ್ರೌರ್ಯ. ನವ್ಯದ ಅಬ್ಬರದಲ್ಲಿ ವಿಮರ್ಶಕರು ಅವರನ್ನು ಜನಪ್ರಿಯ ಲೇಖಕಿಯರ ಸಾಲಿಗೆ ಸೇರಿಸಿ ಬದಿಗೆ ಸರಿಸಿದರೂ ಓದುಗರು ಅವರನ್ನು ಬಿಟ್ಟುಕೊಡಲಿಲ್ಲ.

ಅಲ್ಲಿಂದೀಚೆಗೆ ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ ದೇಶದ ಜಿಲ್ಲಾ ಯೋಜನೆಗೆ ಮಾದರಿಯಾಯಿತು. 2017ರ ಕಾಯ್ದೆ ಮಾನಸಿಕ ಚಿಕಿತ್ಸೆಯನ್ನು ಹಕ್ಕೆಂದು ಘೋಷಿಸಿತು. 2022ರಲ್ಲಿ ದೂರವಾಣಿಯ ಮೂಲಕ ಸಲಹೆ ನೀಡುವ ಟೆಲಿ-ಮಾನಸ್ ಸೇವೆ ಆರಂಭವಾಯಿತು. ಹಾಸಿಗೆ, ವೈದ್ಯರು, ಔಷಧಗಳ ವೆಚ್ಚವನ್ನು ಆಯವ್ಯಯ ಪತ್ರದಲ್ಲಿ ತೋರಿಸಬಹುದು. ಗುಣವಾಗಿ ಬಂದ ಸೊಸೆಯ ಕೈಗೆ ಅಡುಗೆಮನೆಯನ್ನು ನಂಬಿ ಒಪ್ಪಿಸುವ, ಮಗುವನ್ನು ಅವಳ ಮಡಿಲಿಗೆ ಹಿಂತಿರುಗಿಸುವ ಮನಸ್ಸಿಗೆ ಯಾವ ಲೆಕ್ಕಶೀರ್ಷಿಕೆಯೂ ಇಲ್ಲ. ವಧುವಿನ ಕುಟುಂಬದಲ್ಲಿ ಯಾರಿಗಾದರೂ ಮನೋರೋಗವಿತ್ತೇ ಎಂದು ಪಿಸುಮಾತಿನಲ್ಲಿ ವಿಚಾರಿಸುವ ಮನೆಗಳು ಇಂದಿಗೂ ಇವೆ. ಆ ಭಯಕ್ಕೆ ಚಿಕಿತ್ಸೆಯನ್ನೇ ಮುಚ್ಚಿಡುವ, ಅರ್ಧಕ್ಕೇ ನಿಲ್ಲಿಸುವ ಮನೆಗಳೂ ಇವೆ. ಅಂತಹ ಮನೆಗಳಲ್ಲಿ ‘ಶರಪಂಜರ’ವನ್ನು ಮತ್ತೊಮ್ಮೆ ಓದಬೇಕು, ಮುಖ್ಯವಾಗಿ ಗಂಡಸರು ಓದಬೇಕು.