ತಪ್ಪೊಪ್ಪಿಕೊಂಡ ನ್ಯಾಯಾಧೀಶ: ಸ್ಯಾಮ್ಯುಯೆಲ್ ಸ್ಯೂವಲ್

ಮತ್ತೊಬ್ಬರ ದೋಷವನ್ನು ಎಣಿಸುವುದು ಸುಲಭ. ತನ್ನ ದೋಷವನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ಬಹು ಕಷ್ಟ. ನ್ಯಾಯಪೀಠದಲ್ಲಿ ಕುಳಿತವರು ತಮ್ಮ ತೀರ್ಪೇ ತಪ್ಪಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡ ಪ್ರಸಂಗಗಳಂತೂ ಇತಿಹಾಸದಲ್ಲಿ ವಿರಳ. ಅಂಥ ವಿರಳರಲ್ಲಿ ಒಬ್ಬರಾದ ಅಮೆರಿಕದ ಸ್ಯಾಮ್ಯುಯೆಲ್ ಸ್ಯೂವಲ್ ಅವರ ಬದುಕನ್ನು ಇಲ್ಲಿ ಸ್ಮರಿಸೋಣ.

ಸ್ಯೂವಲ್ ಜನಿಸಿದ್ದು 1652ರಲ್ಲಿ, ಇಂಗ್ಲೆಂಡಿನಲ್ಲಿ. ಬಾಲ್ಯದಲ್ಲಿಯೇ ಮ್ಯಾಸಚೂಸೆಟ್ಸ್ ವಸಾಹತಿಗೆ ಬಂದ ಅವರು 1671ರಲ್ಲಿ ಹಾರ್ವರ್ಡ್‌ನ ಪದವೀಧರರಾದರು. ಟಂಕಸಾಲೆಯ ಅಧಿಪತಿ ಜಾನ್ ಹಲ್ ಅವರ ಪುತ್ರಿ ಹ್ಯಾನಾಳನ್ನು 1676ರಲ್ಲಿ ವರಿಸಿ, ಬಾಸ್ಟನ್ನಿನ ಗಣ್ಯ ವರ್ತಕರೆನಿಸಿದರು. ಆ ಊರುಗಳಲ್ಲಿ ನೆಲೆಸಿದ್ದವರು ಪ್ಯೂರಿಟನ್ ಕ್ರೈಸ್ತರು. ಅವರಲ್ಲಿ ಸಭೆಯ ಪೂರ್ಣ ಸದಸ್ಯತ್ವ ಸುಲಭದಲ್ಲಿ ದೊರೆಯುತ್ತಿರಲಿಲ್ಲ. ಸದಸ್ಯರು ಪರಸ್ಪರರ ನಡತೆಯ ಮೇಲೆ ಕಣ್ಣಿಡುವುದು ಧರ್ಮಕಾರ್ಯವೆನಿಸಿತ್ತು. ತಪ್ಪಿದವರನ್ನು ಸಭೆಯ ಮುಂದೆ ನಿಲ್ಲಿಸುವ ವಾಡಿಕೆಯೂ ಇತ್ತು.

1692ರ ಆರಂಭದಲ್ಲಿ ಸೇಲಂ ಗ್ರಾಮದ ಪಾದ್ರಿಯ ಮನೆಯ ಇಬ್ಬರು ಬಾಲಕಿಯರಿಗೆ ವಿಚಿತ್ರ ಸೆಳವು ಕಾಣಿಸಿಕೊಂಡಿತು. ಅದನ್ನು ಮಾಟಗಾತಿಯರ ಕೃತ್ಯವೆಂದು ಜನ ನಂಬಿದರು. ನೆರೆಯವರು ನೆರೆಯವರ ಮೇಲೆ ಬೆರಳು ತೋರಿದರು. ನೂರೈವತ್ತಕ್ಕೂ ಹೆಚ್ಚು ಮಂದಿ ಆರೋಪಕ್ಕೆ ಗುರಿಯಾದರು. ರಾಜ್ಯಪಾಲ ವಿಲಿಯಂ ಫಿಪ್ಸ್ ರಚಿಸಿದ ವಿಶೇಷ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರಲ್ಲಿ ಸ್ಯೂವಲ್ ಒಬ್ಬರು. ವಿಲಿಯಂ ಸ್ಟಾಟನ್ ಮುಖ್ಯಸ್ಥರು.

ಆರೋಪಿಯ ಛಾಯಾರೂಪ ಬಂದು ತಮ್ಮನ್ನು ಹಿಂಸಿಸಿತೆಂಬ ಮಾತನ್ನೂ ಆ ನ್ಯಾಯಾಲಯ ಸಾಕ್ಷ್ಯವೆಂದು ಸ್ವೀಕರಿಸಿತು. ಬೇರೆ ಯಾರಿಗೂ ಕಾಣದ ಛಾಯೆಯನ್ನು ಅಲ್ಲಗಳೆಯುವ ಬಗೆ ಯಾವುದು? ಇನ್ನೊಂದು ವಿಪರ್ಯಾಸವನ್ನೂ ನಾವು ಗಮನಿಸಬೇಕು. ಮಾಡದ ತಪ್ಪನ್ನು ಮಾಡಿದೆವೆಂದು ಒಪ್ಪಿಕೊಂಡವರ ಜೀವ ಉಳಿಯಿತು. ಸುಳ್ಳು ಹೇಳಲಾರೆವೆಂದವರು ಗಲ್ಲಿಗೇರಿದರು. ಎಪ್ಪತ್ತು ದಾಟಿದ ಭಕ್ತೆ ರೆಬೆಕಾ ನರ್ಸ್ ನಿರ್ದೋಷಿಯೆಂದು ಪಂಚರು ಮೊದಲು ಹೇಳಿದರು. ಮರುಪರಿಶೀಲಿಸುವಂತೆ ಪೀಠ ಸೂಚಿಸಿದ ಬಳಿಕ ಮಾತು ಬದಲಿಸಿದರು. ಆಕೆಯ ಸ್ವಂತ ಸಭೆಯೇ ಆಕೆಯನ್ನು ಬಹಿಷ್ಕರಿಸಿತು. ಹಾರ್ವರ್ಡ್‌ನಲ್ಲಿ ಸ್ಯೂವಲ್‌ಗಿಂತ ಒಂದು ವರ್ಷ ಮೊದಲು ಪದವಿ ಪಡೆದಿದ್ದ ಪಾದ್ರಿ ಜಾರ್ಜ್ ಬರೋಸ್ ಕೂಡ ಗಲ್ಲಿಗೇರಿದರು. ಹೀಗೆ 19 ಮಂದಿಯನ್ನು ನೇಣಿಗೆ ಹಾಕಲಾಯಿತು. ಒಬ್ಬ ವೃದ್ಧನನ್ನು ಕಲ್ಲು ಹೇರಿ ಕೊಲ್ಲಲಾಯಿತು. ಸಹನ್ಯಾಯಾಧೀಶ ನಥಾನಿಯಲ್ ಸಾಲ್ಟನ್‌ಸ್ಟಾಲ್ ಆರಂಭದಲ್ಲಿಯೇ ಪೀಠ ತೊರೆದರು. ಸ್ಯೂವಲ್ ತೊರೆಯಲಿಲ್ಲ.

ಅಕ್ಟೋಬರದಲ್ಲಿ ನ್ಯಾಯಾಲಯ ವಿಸರ್ಜನೆಗೊಂಡಿತು. ಆದರೆ ಅಂತರಂಗದ ನ್ಯಾಯಾಲಯಕ್ಕೆ ವಿಸರ್ಜನೆಯಿಲ್ಲ. 1696ರ ಮೇ ತಿಂಗಳಲ್ಲಿ ಸ್ಯೂವಲ್ ದಂಪತಿಗಳಿಗೆ ಸತ್ತ ಮಗು ಹುಟ್ಟಿತು. ಡಿಸೆಂಬರದಲ್ಲಿ ಎರಡು ವರ್ಷದ ಸಾರಾ ತೀರಿಕೊಂಡಳು. ಆ ದುಃಖದ ನಡುವೆ ಮಗ ಮತ್ತಾಯನ ಸುವಾರ್ತೆಯ ಒಂದು ಭಾಗವನ್ನು ಓದಿದ. ನಿರ್ದೋಷಿಗಳನ್ನು ಖಂಡಿಸುವುದರ ಕುರಿತಾದ ಆ ವಚನ ತಂದೆಯ ಎದೆಗೆ ನಾಟಿತು. ಸೇಲಂ ನೆನಪಾಯಿತೆಂದು ದಿನಚರಿಯಲ್ಲಿ ಬರೆದುಕೊಂಡರು.

1697ರ ಜನವರಿ 14 ಪ್ರಾಂತ್ಯದಾದ್ಯಂತ ಉಪವಾಸದ ದಿನ. ಬಾಸ್ಟನ್ನಿನ ದಕ್ಷಿಣ ಸಭೆಯಲ್ಲಿ ಸ್ಯೂವಲ್ ಒಂದು ಚೀಟಿಯನ್ನು ಪಾದ್ರಿ ಸ್ಯಾಮ್ಯುಯೆಲ್ ವಿಲರ್ಡ್ ಅವರ ಕೈಗಿತ್ತರು. ಅದನ್ನು ಓದುವವರೆಗೆ ತಮ್ಮ ಸ್ಥಳದಲ್ಲಿ ಎದ್ದು ನಿಂತರು. ಓದಿ ಮುಗಿದಾಗ ತಲೆಬಾಗಿದರು. ಆ ನ್ಯಾಯಾಲಯದ ಕಳಂಕವನ್ನೂ ಲಜ್ಜೆಯನ್ನೂ ತಾನು ಹೊರುವುದಾಗಿ ಹೇಳಿ, ಜನರ ಹಾಗೂ ದೇವರ ಕ್ಷಮೆಯನ್ನು ಅವರು ಕೋರಿದ್ದರು. ಕಾಲವನ್ನಾಗಲಿ, ಸಹೋದ್ಯೋಗಿಗಳನ್ನಾಗಲಿ, ಸೈತಾನನನ್ನಾಗಲಿ ನೆಪ ಮಾಡಲಿಲ್ಲ. ಪಂಚರಲ್ಲಿ ಹನ್ನೆರಡು ಮಂದಿ ಕೂಡ ಲಿಖಿತವಾಗಿ ಕ್ಷಮೆ ಕೇಳಿದರು. ಸ್ಟಾಟನ್ ಮಾತ್ರ 1701ರಲ್ಲಿ ಸಾಯುವವರೆಗೂ ತಪ್ಪೊಪ್ಪಿಕೊಳ್ಳಲಿಲ್ಲ.

1700ರಲ್ಲಿ ಸ್ಯೂವಲ್ ಗುಲಾಮಗಿರಿಯನ್ನು ವಿರೋಧಿಸಿ ಒಂದು ಕಿರುಹೊತ್ತಗೆ ಪ್ರಕಟಿಸಿದರು. ಕರಿಯರ ಬಗೆಗಿನ ಆ ಕಾಲದ ಪೂರ್ವಗ್ರಹ ಅದರಲ್ಲಿಯೂ ಉಳಿದಿದೆ. ಅವರು ದೋಷಮುಕ್ತರೆಂದು ನಾವು ಹೇಳಲಾರೆವು. 1718ರಲ್ಲಿ ಪ್ರಾಂತ್ಯದ ಮುಖ್ಯ ನ್ಯಾಯಾಧೀಶರಾಗಿ, 1728ರಲ್ಲಿ ನಿವೃತ್ತರಾಗಿ, 1730ರ ಜನವರಿ 1ರಂದು ನಿಧನರಾದರು.

ಅವರ ಪಶ್ಚಾತ್ತಾಪ ಸತ್ತವರಿಗೆ ಜೀವ ಕೊಡಲಿಲ್ಲ. ರೆಬೆಕಾಳ ಬಹಿಷ್ಕಾರವನ್ನು ಆಕೆಯ ಸಭೆ ರದ್ದುಗೊಳಿಸಿದ್ದು 1712ರಲ್ಲಿ. ಶಿಕ್ಷಿತರ ಪೈಕಿ ಕೊನೆಯ ಹೆಸರಿನ ಮೇಲಿನ ಕಳಂಕ ಕಾನೂನಿನಂತೆ ಅಳಿದದ್ದು 2022ರಲ್ಲಿ. ಅವಸರದಲ್ಲಿ ಕೊಟ್ಟ ತೀರ್ಪನ್ನು ತೊಳೆಯಲು ಎಷ್ಟು ಕಾಲ ಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ? ಮ್ಯಾಸಚೂಸೆಟ್ಸ್ ಶಾಸನಸಭೆಯ ಗೋಡೆಯ ಮೇಲೆ, ಸಭೆಯ ನಡುವೆ ಪಶ್ಚಾತ್ತಾಪದಿಂದ ನಿಂತ ಸ್ಯೂವಲ್ ಅವರ ಚಿತ್ರವಿದೆ. ಕಾನೂನು ರಚಿಸುವವರ ಕಣ್ಣೆದುರು ಇರಬೇಕಾದ ಚಿತ್ರವೇ ಅದು. ಮನೆಯಲ್ಲಿ, ಸಮಾಜದಲ್ಲಿ ದಿನವೂ ಇನ್ನೊಬ್ಬರನ್ನು ತೂಗುವ ನಮ್ಮ ಕಣ್ಣೆದುರೂ ಇದ್ದರೆ ಒಳಿತು.