ಕಾಡುಗಿಡಗಳ ಗುರುತು ಹಿಡಿದ ವೈದ್ಯ ಬುಕನಾನ್

ಸೋಂದಾ, ಶಿರಸಿ, ಯಲ್ಲಾಪುರ ಸೀಮೆಯ ಚರಿತ್ರೆಯನ್ನು ಕೆದಕುವವರೆಲ್ಲರೂ ಒಮ್ಮೆಯಾದರೂ ಫ್ರಾನ್ಸಿಸ್ ಬುಕನಾನ್ ಅವರ ಪ್ರವಾಸ ಕಥನವನ್ನು ತೆರೆಯಲೇಬೇಕು. ಅಡಿಕೆ, ಕಾಳುಮೆಣಸು, ಏಲಕ್ಕಿ ತೋಟಗಳ ಬಗೆಗೂ ಅವುಗಳ ಒಡೆಯರಾದ ಹೈಗ ಬ್ರಾಹ್ಮಣರ ಬಗೆಗೂ ಅವರು ಬರೆದದ್ದು ಪ್ರಸಿದ್ಧ. ಆದರೆ ಅವರು ಮೂಲತಃ ವೈದ್ಯರು, ಸಸ್ಯಶಾಸ್ತ್ರಜ್ಞರು ಎಂಬುದು ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ.

ಸ್ಕಾಟ್ಲೆಂಡಿನ ಕ್ಯಾಲಂಡರ್ ಬಳಿ 1762ರಲ್ಲಿ ಜನಿಸಿದ ಬುಕನಾನ್, ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದರು. ಅಲ್ಲಿಯೇ ಜಾನ್ ಹೋಪ್ ಅವರಿಂದ ಸಸ್ಯವಿದ್ಯೆ ಕಲಿತರು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿದರು. ಶ್ರೀರಂಗಪಟ್ಟಣದ ಪತನದ ನಂತರ ವೆಲ್ಲೆಸ್ಲಿಯ ಆಜ್ಞೆಯಂತೆ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು, 1801ರ ಮಾರ್ಚ್‌ನಲ್ಲಿ ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳನ್ನು ಹಾದುಹೋದರು. ಕಥನವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು.

ವಾನಳ್ಳಿಯಿಂದ ಯಲ್ಲಾಪುರದವರೆಗಿನ ಕಾಡಂಚಿನ ಮನೆಗಳಿಗೆ ಕೊಡಸ ಅಪರಿಚಿತವಲ್ಲ. ಹೂವು ತಂಬುಳಿಗೆ, ತೊಗಟೆ ಆಮಶಂಕೆಗೆ. ಆಯುರ್ವೇದದ ಕುಟಜವೂ ಇದೇ. ವಿಜ್ಞಾನದಲ್ಲಿ ಇದು ಹೊಲರೀನಾ ಪ್ಯುಬೆಸೆನ್ಸ್. ಈ ಹೆಸರಿನ ಜೊತೆಯಲ್ಲಿ ಬುಕನಾನ್ ಅವರ ಹೆಸರನ್ನು ಸಂಕ್ಷೇಪವಾಗಿ ಬರೆಯುವುದುಂಟು. ನೆಲಬೇವಿನಂತೆಯೇ ಕಹಿಯಾದ ಹಿಮಾಲಯದ ಚಿರಾಯತದ ಹೆಸರಿನೊಂದಿಗೂ ಅವರ ಹೆಸರಿದೆ.

ಇದನ್ನು ಪಂಡಿತರ ಒಣ ಲೆಕ್ಕಾಚಾರವೆಂದು ತಳ್ಳಿಹಾಕುವಂತಿಲ್ಲ. ಇಂದು ಪ್ರಯೋಗಾಲಯಗಳಲ್ಲಿ ಕಾಡುಗಿಡಗಳ ಸಾರವನ್ನು ತೆಗೆದು, ಅದು ಉತ್ಕರ್ಷಣವನ್ನು ತಡೆಯುವುದೇ, ಅರ್ಬುದದ ಜೀವಕೋಶಗಳನ್ನು ಕೊಲ್ಲುವುದೇ ಎಂದು ಪರೀಕ್ಷಿಸುತ್ತಾರೆ. ಕೊಡಸವೂ ಇಂಥ ಪರೀಕ್ಷೆಗೆ ಒಳಗಾಗಿದೆ. ಆದರೆ ಸಂತೆಯಲ್ಲಿ ಕೊಡಸದ ಬೀಜವೆಂದು ಬೇಪಾಲೆಯ ಬೀಜ ಬರುವುದುಂಟು. ಗಿಡವೇ ತಪ್ಪಾದರೆ ಫಲಿತಾಂಶಕ್ಕೆ ಬೆಲೆಯೆಲ್ಲಿ? ಇನ್ನು, ಗಾಜಿನ ತಟ್ಟೆಯಲ್ಲಿ ಜೀವಕೋಶ ಸತ್ತಿತೆಂದರೆ ರೋಗಿ ಗುಣವಾದನೆಂದು ಅರ್ಥವಲ್ಲ. ಕಷಾಯವನ್ನು ನಂಬಿ ಚಿಕಿತ್ಸೆ ಬಿಟ್ಟವರ ಪಾಡು ದುಃಖಕರ. ಚೀನಾದ ಮರವೊಂದರಲ್ಲಿ 1966ರಲ್ಲಿ ಗುರುತಿಸಿದ ಕ್ಯಾಂಪ್ಟೊಥೆಸಿನ್, ನಮ್ಮ ಸಹ್ಯಾದ್ರಿಯ ದುರ್ವಾಸನೆಯ ಹೂವಿನ ನೋಥಾಪೊಡೈಟಿಸ್‌ನಲ್ಲಿಯೂ ಇರುವುದು 1972ರಲ್ಲಿ ತಿಳಿಯಿತು. ಮೂಲರೂಪದಲ್ಲಿ ಅದು ತೀರ ವಿಷಕಾರಿ. ಅದನ್ನು ಮಾರ್ಪಡಿಸಿ ತಯಾರಿಸಿದ ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1996ರಲ್ಲಿ. ಅಷ್ಟು ಹೊತ್ತಿಗೆ ಆ ಗಿಡವನ್ನು ಕಡಿದು ಸಾಗಿಸುವವರು ಘಟ್ಟಕ್ಕೂ ಬಂದಿದ್ದರು.

ಬುಕನಾನ್ ಮಾತ್ರ ತಮ್ಮ ದುಡಿಮೆಯ ಫಲವನ್ನು ಪೂರ್ತಿಯಾಗಿ ಕಾಣಲಿಲ್ಲ. ರಾಕ್ಸ್‌ಬರ್ಗ್ ಅವರ ನಂತರ 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾದರೂ, ಅನಾರೋಗ್ಯದಿಂದ ಮರುವರ್ಷವೇ ಸ್ವದೇಶಕ್ಕೆ ಮರಳಬೇಕಾಯಿತು. ಹೊರಡುವಾಗ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪ್ರಭು ಅವರ ಚಿತ್ರಸಂಗ್ರಹವನ್ನು ವಶಪಡಿಸಿಕೊಂಡರು. ಅದು ಕಂಪನಿಯ ಸೊತ್ತಂತೆ! ಊರಿಗೆ ಮರಳಿದ ಮೇಲೆ ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿ, ಗಂಗೆಯ ಮೀನುಗಳ ಬಗ್ಗೆ ಗ್ರಂಥ ರಚಿಸಿದರು. ಮಲಬಾರಿನ ಗಿಡಮೂಲಿಕೆಗಳ ಪ್ರಾಚೀನ ಕೃತಿ ಹಾರ್ಟಸ್ ಮಲಬಾರಿಕಸ್‌ಗೆ ವ್ಯಾಖ್ಯಾನ ಬರೆದರು. 1829ರ ಜೂನ್ 15ರಂದು ನಿಧನರಾದರು. ಪಾಯಸಕ್ಕೆ ಹಾಕುವ ಚಾರೋಳಿ ಕೊಡುವ ಮರದ ಕುಲಕ್ಕೆ ಬುಕನಾನಿಯಾ ಎಂಬ ಹೆಸರು ಬಂದದ್ದು ಇವರಿಂದಲೇ.